ಮೆಕ್ಸಿಕೋ ಹೋಟೆಲಿನ ಜೋಳ

ಮುದ್ದಮ್ಮನ ಬಲಗಣ್ಣಿನ ಆಪರೇಷನ್ ಎರಡು ಸಲ ಮುಂದಕ್ಕೆ ಹೋಗಿತ್ತು. ಎರಡು ಸಲವೂ ಸಕ್ಕರೆಯದೇ ಕಾರಣ. ಎಡಗಣ್ಣು ಆಗಲೇ ಕೈಬಿಟ್ಟಿತ್ತು. ಬಲಗಣ್ಣಿಗೆ ಮನುಷ್ಯರು ನೆರಳಿನ ಹಾಗೆ ಕಾಣುತ್ತಿದ್ದರು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ನೋಡಿದಾಗ ಸಕ್ಕರೆ ಇನ್ನೂರರ ಒಳಗಿದ್ದರೆ ಮಾತ್ರ ಆಪರೇಷನ್ ಎಂದು ಚಿಕ್ಕಮಗಳೂರಿನ ಕಣ್ಣಾಸ್ಪತ್ರೆಯಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು. ತಪ್ಪಿದರೆ ಸರ್ಜನ್ನು ಮತ್ತೆ ಬರುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಕಣ್ಣೊಳಗಿನ ಪರದೆ ತಡೆದೀತೆಂದು ಯಾರೂ ಮಾತು ಕೊಟ್ಟಿರಲಿಲ್ಲ.

ಹೀಗಾಗಿ ವಸ್ತಾರೆಯ ಆ ಮನೆಯಲ್ಲಿ ಒಂದೊಂದು ಹೊತ್ತಿನ ಊಟವೂ ಸೊಸೆ ನಾಗಶ್ರೀಗೆ ಪರೀಕ್ಷೆಯಾಗಿತ್ತು. ಬೆರಳಿಗೆ ಸೂಜಿ ಚುಚ್ಚಿ ಮೀಟರು ನೋಡುವವಳೂ ಅವಳೇ, ಏರಿದರೆ ಬೈಸಿಕೊಳ್ಳುವವಳೂ ಅವಳೇ. ಗಂಡ ಕಲ್ಲೇಶನಿಗೆ ಪಂಪ್‌ಸೆಟ್ಟು ಪೈಪುಗಳ ಅಂಗಡಿ. ರಾತ್ರಿ ಬಂದು, "ಇವತ್ತೆಷ್ಟು?" ಎನ್ನುತ್ತಿದ್ದ, ಅದು ಹೆಂಡತಿಯ ರಕ್ತವೇ ಎಂಬಂತೆ.

ಸಕ್ಕರೆ ಕಾಯಿಲೆ ನೋಡುವ ಡಾಕ್ಟರಮ್ಮ ಕಲಬುರ್ಗಿ ಕಡೆಯವರು. "ಅನ್ನ ಕಡಿಮಿ ಮಾಡ್ರಿ, ಅಕ್ಕಿ ರೊಟ್ಟಿ ಬಿಡ್ರಿ. ಜ್ವಾಳದ ರೊಟ್ಟಿ ಒಂದ್ ತಿಂದ್ರ ಸಾಕು, ಜೋಡಿಗೆ ಕಾಳು, ತರಕಾರಿ" ಎಂದಿದ್ದರು. ನಾಗಶ್ರೀಯ ತವರು ಬಯಲ ಕಡೆ. ಅಲ್ಲಿ ಹೊಲದ ತುಂಬ ಬೆಳೆಯುವುದೇ ಜೋಳ, ಹಳದಿ ತೆನೆಯದು. ಅಣ್ಣನಿಗೆ ಹೇಳಿ ಒಂದು ಚೀಲ ತರಿಸಿ, ಒಣಗಿಸಿ, ಗಿರಣಿಗೆ ಹಾಕಿಸಿದಳು. ತವರಿನದೊಂದು ಪದಾರ್ಥ ಈ ಮನೆಯಲ್ಲಿ ಔಷಧಿಯಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು. ಸಕ್ಕರೆಯೂ ಇಳಿಯುತ್ತ ಬಂದಿತ್ತು.

ಆ ಭಾನುವಾರ ಅತ್ತಿಗೆ ಸುಪ್ರಿಯಾ, ಕಲ್ಲೇಶನ ಅಕ್ಕ, ಗಂಡ ಹಾಲೇಶನೊಂದಿಗೆ ಬಣಕಲ್‌ನಿಂದ ಬಂದಳು. ಮಾರನೆಯ ದಿನ ಅವ್ವನ ಜೊತೆ ಆಸ್ಪತ್ರೆಗೆ ಹೋಗಬೇಕೆಂದೇ ಬಂದದ್ದು. ಆದರೆ ಅವತ್ತು ಅವರ ಮದುವೆಯ ವಾರ್ಷಿಕೋತ್ಸವವೂ ಹೌದು. ಕಾಫಿ ವ್ಯಾಪಾರದ ಹಾಲೇಶ್ ಕಾರಿನ ಕೀ ತಿರುಗಿಸುತ್ತ, "ಗಿರಿ ರೋಡಲ್ಲಿ ಮೆಕ್ಸಿಕೋ ಹೋಟ್ಲು ಆಗಿದೆಯಂತೆ. ಎಲ್ರೂ ಹೊರಡಿ" ಎಂದ.

"ಆಪರೇಷನ್ ಮುಗೀಲಿ ಅಣ್ಣ, ಆಮೇಲೆ ಹೋಗೋಣ" ಎಂದಳು ನಾಗಶ್ರೀ.

"ಹಂಗಾದ್ರೆ ಅವ್ವನ್ನ ಮನೇಲಿ ಬಿಟ್ಟು ನಾವು ತಿಂದು ಬರೋಣ್ವಾ?" ಎಂದಳು ಸುಪ್ರಿಯಾ. ಅದಕ್ಕೆ ಯಾರು ಹೂಂ ಅಂದಾರು?

ನಾಗಶ್ರೀ ಸೀರೆ ಉಡುವುದನ್ನು ಬಿಟ್ಟು ಮೊಬೈಲಿನಲ್ಲಿ ಆ ಹೋಟೆಲಿನ ತಿಂಡಿಪಟ್ಟಿ ತೆರೆದು ಕೂತಳು. ಅರ್ಧ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಒಂದೊಂದನ್ನೂ ಹುಡುಕಿ ಅದರಲ್ಲೇನಿದೆ ಎಂದು ಓದಿದಳು: ಮೈದಾ, ಚೀಸು, ಅನ್ನ, ಎಣ್ಣೆಯಲ್ಲಿ ಕರಿದದ್ದು. ಕಡೆಗೆ ಒಂದು ಕಡೆ ಕಣ್ಣು ನಿಂತಿತು. ಆ ದೇಶದವರ ರೊಟ್ಟಿಯೇ ಜೋಳದ್ದು! ಅಲ್ಲಿಗೆ ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

ಹೋಟೆಲಿನ ತುಂಬ ಪ್ರವಾಸಿಗರ ಗದ್ದಲ, ಗೋಡೆಯ ಮೇಲೆ ಮೊರದಗಲದ ಟೋಪಿಗಳು. ವೇಟರ್ ಬಂದ ಕೂಡಲೇ ನಾಗಶ್ರೀ ಪಾಠ ಒಪ್ಪಿಸುವವಳಂತೆ ಶುರುಮಾಡಿದಳು. "ಇವರಿಗೆ ಜೋಳದ ರೊಟ್ಟಿ ಒಂದೇ. ಕರಿದದ್ದಲ್ಲ, ಕಾವಲಿ ಮೇಲೆ ಬೇಯಿಸಿದ್ದು. ಅನ್ನ ಹಾಕ್ಬೇಡಿ, ಕಾಳು ಜಾಸ್ತಿ ಹಾಕಿ, ಸುಟ್ಟ ದಪ್ಪಮೆಣಸಿನಕಾಯಿ ಇರಲಿ. ಚೀಸ್ ಬೇಡ, ಕ್ರೀಮ್ ಬೇಡ. ಕುಡಿಯೋಕೆ ಜ್ಯೂಸ್ ಬೇಡ, ನೀರು. ಮತ್ತೆ, ಕೋಳಿ ಬೇಯಿಸೋ ಕಾವಲಿ ಬೇರೆ ತಾನೆ?"

"ಅಯ್ಯೋ ನಾಗಮ್ಮ, ಅವನಿಗೆ ಇನ್ನೇನು ಉಳೀತು? ಬರೀ ತಟ್ಟೆ ತಂದಿಡ್ತಾನೆ ನೋಡು" ಎಂದ ಹಾಲೇಶ್. ಕಲ್ಲೇಶನೂ ನಕ್ಕ.

ತಟ್ಟೆ ಬಂತು. ಮುದ್ದಮ್ಮ ಬೆರಳಿನಲ್ಲಿ ತಡವಿ, "ಇದೇನೇ ಇದು, ಮೆತ್ತಗೆ ಸಗಣಿ ಹಂಗೆ?" ಎಂದಳು.

"ಬಟರ್ ಫ್ರೂಟ್ ಅತ್ತೆ. ಈರುಳ್ಳಿ, ನಿಂಬೆಹುಳಿ, ಉಪ್ಪು ಹಾಕಿ ಕಿವುಚಿದ್ದಾರೆ. ನಿಮಗೆ ಒಳ್ಳೇದೇ."

"ನಮ್ಮ ಹಿತ್ತಲಲ್ಲಿ ಬಿದ್ದು ಕೊಳೀತದಲ್ಲ, ಅದಾ? ಅದಕ್ಕೆ ಉಪ್ಪು ಹಾಕಿ ಇಷ್ಟು ದೂರ ಕರ್ಕೊಂಡು ಬಂದು ತಿನ್ಸ್ತೀರಲ್ಲ ಮಾರಾಯ್ರಾ!"

ಆದರೂ ರೊಟ್ಟಿ ಮುರಿದು, ಕಾಳು ಸೇರಿಸಿ ತಿಂದಳು. "ರೊಟ್ಟಿ ಚೆನ್ನಾಗಿದೆ ಕಣೇ, ನಿನ್ನ ರೊಟ್ಟಿಗಿಂತ ಮೆದು" ಎಂದಳು. ನಾಗಶ್ರೀಗೆ ಅಷ್ಟೇ ಸಾಕಾಯಿತು. ಅವಳ ತಟ್ಟೆಯಲ್ಲಿದ್ದದ್ದು ಆರಿ ಹೋಗಿತ್ತು, ಅದನ್ನೇ ಸಮಾಧಾನದಿಂದ ತಿಂದಳು.

ಕೊನೆಗೆ ಸುಪ್ರಿಯಾ ಸಿಹಿ ಹೇಳಿದಳು. ಚುರೋ ಎಂದು ಅದರ ಹೆಸರು. ಹಿಟ್ಟನ್ನು ಉದ್ದಕ್ಕೆ ಒತ್ತಿ ಕರಿದು, ದಾಲ್ಚಿನ್ನಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿದ್ದು. ಮುದ್ದಮ್ಮನ ಮುಖ ವಾಸನೆ ಬಂದ ಕಡೆಗೆ ತಿರುಗಿತು.

"ಅತ್ತಿಗೆ, ಅತ್ತೆಗೆ ಬೇಡ..."

"ಗೊತ್ತಮ್ಮ, ಗೊತ್ತು. ನಿನ್ನ ಪೊಲೀಸ್ ಡ್ಯೂಟಿ ಒಂಚೂರು ನಿಲ್ಸು. ಉಳಿದಿದ್ದನ್ನ ಊರಲ್ಲಿರೋ ನಮ್ಮ ಮಕ್ಕಳಿಗೆ ಪಾರ್ಸಲ್ ಕಟ್ಟಿಸ್ತೀನಿ."

ಸಂಜೆ ಮೀಟರು ನೂರ ಅರವತ್ತು ತೋರಿಸಿತು. "ಪರವಾಗಿಲ್ವೇ" ಎಂದ ಕಲ್ಲೇಶ್. ಗಂಡನ ಬಾಯಲ್ಲಿ ಅಂಥ ಮಾತು ಅಪರೂಪ. ಅವತ್ತು ಸುಪ್ರಿಯಾ ಅವ್ವನ ಕೋಣೆಯಲ್ಲೇ ಮಲಗಿದಳು.

ಬೆಳಿಗ್ಗೆ ಅತ್ತೆಗೆ ಸೀರೆ ಬದಲಿಸಲು ಹೋದ ನಾಗಶ್ರೀಯ ಕೈಗೆ ಸೆರಗಿನಲ್ಲಿ ಏನೋ ಮರಳಿನಂತೆ ಚುಚ್ಚಿತು. ಮೂಸಿದಳು. ದಾಲ್ಚಿನ್ನಿ.

"ಅತ್ತೆ, ರಾತ್ರಿ ಏನಾದ್ರೂ ತಿಂದ್ರಾ?"

"ಏನೂ ಇಲ್ಲ. ಬೇಗ ಉಡ್ಸು, ಹೊತ್ತಾಯ್ತು."

ಮೀಟರು ಅಲ್ಲೇ ಕಪಾಟಿನ ಮೇಲಿತ್ತು. ಈಗ ಚುಚ್ಚಿ ನೋಡಿದರೆ ಏನು ಬರುತ್ತದೋ. ಬಂದದ್ದನ್ನು ಯಾರ ಮುಂದೆ ಇಡುವುದು? ಅತ್ತಿಗೆಯ ಮೇಲೆ ಚಾಡಿ ಹೇಳಿದಂತಾಗುತ್ತದೆ. ಒಂದೇ ಒಂದು ಚೂರು ತಿಂದಿರಬಹುದು. ತಾನೇ ಇಲ್ಲದ್ದನ್ನು ಕಲ್ಪಿಸಿಕೊಳ್ಳುತ್ತಿರಬಹುದು. ನಾಗಶ್ರೀ ಸೆರಗನ್ನು ಕಿಟಕಿಯಾಚೆ ಕೊಡವಿ, ಮಡಿಸಿಟ್ಟಳು.

ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಪ್ಪಿಗೆ ಬರೆಯಬೇಕಾದವರು ಅದೇ ಕಲಬುರ್ಗಿ ಡಾಕ್ಟರಮ್ಮ. ರಿಪೋರ್ಟು ನೋಡಿ ಕನ್ನಡಕ ತೆಗೆದರು.

"ಮುನ್ನೂರಾ ಹತ್ತು! ನಿನ್ನೆ ಏನ್ ತಿನ್ಸೀರಿ ಇವ್ರಿಗೆ?"

ಎಲ್ಲರೂ ನಾಗಶ್ರೀಯ ಕಡೆ ನೋಡಿದರು. ಅವಳು ಹೋಟೆಲಿನದನ್ನೆಲ್ಲ ಬಿಡಿಸಿ ಹೇಳಿದಳು. "ನೀವು ಹೇಳಿದ ಹಾಗೆ ಜೋಳದ ರೊಟ್ಟಿನೇ ಮೇಡಂ. ಆ ಹೋಟ್ಲಲ್ಲೂ ಅದೇ ಮಾಡೋದು, ಹಳದಿ ಜೋಳದ್ದು."

"ಮೆಕ್ಸಿಕೋದವರು ಮಾಡೂದು ಗೋವಿನಜೋಳದ್ದಲ್ಲೇನ್ರಿ, ಮೆಕ್ಕೆಜೋಳ! ನಾ ಹೇಳಿದ್ದು ಬಿಳಿಜ್ವಾಳ. ಮನ್ಯಾಗೂ ಅದನ್ನ ಹಾಕೀರೇನು?"

ನಾಗಶ್ರೀ ತಲೆಯಾಡಿಸಿದಳು. "ನಮ್ಮ ಕಡೆ ಜೋಳ ಅಂದ್ರೆ ಅದೇ ಮೇಡಂ."

ಹಾಲೇಶನಿಗೆ ನಗು ತಡೆಯಲಾಗಲಿಲ್ಲ. "ಒಂದು ತಿಂಗಳಿಂದ ಕೋಳಿ ಮೇವು ಹಾಕಿ ನಮ್ಮತ್ತೇನ ಫಾರಂ ಕೋಳಿ ಮಾಡಿದೀಯಲ್ಲಮ್ಮ!"

"ಕೇಳಿ ಮಾಡಕ್ಕೆ ಏನಾಗಿತ್ತು ನಿಂಗೆ?" ಎಂದ ಕಲ್ಲೇಶ್, ಹಲ್ಲು ಕಚ್ಚಿ.

ಡಾಕ್ಟರಮ್ಮ ನಗಲಿಲ್ಲ. "ಹಂಗಿದ್ರೂ ಒಂದು ರೊಟ್ಟಿಗೆ ಇಷ್ಟು ಏರಂಗಿಲ್ಲ. ಅಮ್ಮಾರ, ಮತ್ತೇನರ ತಿಂದೀರೇನು? ಖರೇ ಹೇಳ್ರಿ."

ಸುಪ್ರಿಯಾ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ನಾಗಶ್ರೀ ಅತ್ತೆಯ ಮುಖವನ್ನೇ ನೋಡಿದಳು. ಈ ಒಂದು ಮಾತು ಅವರ ಬಾಯಿಂದಲೇ ಬರಬೇಕು, ಬಂದೇ ಬರುತ್ತದೆ.

"ಇವಳು ಕೊಟ್ಟಿದ್ದು ತಿನ್ನೋದು ತಾಯಿ" ಎಂದಳು ಮುದ್ದಮ್ಮ. "ನಂಗೆ ಕಣ್ಣು ಕಾಣ್ಸುತ್ತಾ? ತಟ್ಟೇಲಿ ಏನಿಟ್ರೆ ಅದು."

ನಾಗಶ್ರೀ ಬಾಯಿ ತೆರೆದಳು. ಆದರೆ ಗೋವಿನಜೋಳ ತಿನ್ನಿಸಿದ್ದು ನಿಜವಲ್ಲವೇ? ಸೆರಗು ಕೊಡವಿದ್ದು ತಾನೇ ಅಲ್ಲವೇ? ಅರ್ಧ ತಪ್ಪು ತನ್ನ ಕೈಯಲ್ಲಿ ಇಟ್ಟುಕೊಂಡು ಉಳಿದರ್ಧವನ್ನು ಇನ್ನೊಬ್ಬರ ಮೇಲೆ ಹಾಕುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಡಾಕ್ಟರಮ್ಮ ಆಪರೇಷನ್ ಇಲ್ಲ ಎಂದು ಬರೆದು ಸಹಿ ಹಾಕಿಯಾಗಿತ್ತು.

ಹೊರಗೆ ಬಂದ ಮೇಲೆ ಸುಪ್ರಿಯಾ ಅವ್ವನ ಕೆನ್ನೆ ಸವರಿ ಕಣ್ಣೀರು ಹಾಕಿದಳು. "ನಾಗು, ಇನ್ನಾದ್ರೂ ಹುಷಾರಾಗಿ ನೋಡ್ಕೋ" ಎಂದಳು. ಹಾಲೇಶನ ಕಾರು ಬಣಕಲ್ ಕಡೆಗೆ ಹೊರಟಿತು. ಕಲ್ಲೇಶ್ ಅಂಗಡಿಯ ವ್ಯಾನು ತರಲು ಹೋದ. ಆಸ್ಪತ್ರೆಯ ಮೆಟ್ಟಿಲ ತುದಿಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

ಮುದ್ದಮ್ಮ ಗಾಳಿಯಲ್ಲಿ ತಡಕಾಡಿ ನಾಗಶ್ರೀಯ ಮುಂಗೈ ಹಿಡಿದುಕೊಂಡಳು.

"ಎರಡೇ ಎರಡು ಅಂತ ಕೊಟ್ಳು ಕಣೇ. ಬಾಯಿ ಕೇಳಲಿಲ್ಲ, ಪೊಟ್ಟಣ ಪೂರ್ತಿ ತಿಂದೆ." ದನಿ ತಗ್ಗಿಸಿದಳು. "ಅಳಿಯಂದ್ರ ಎದುರಿಗೆ ಅವಳ ಹೆಸರು ಹೇಳಕ್ಕಾಗುತ್ತಾ? ಅವಳು ಇನ್ನೊಬ್ರ ಮನೇಲಿ ಬಾಳೋಳು. ನೀನಾದ್ರೆ ನಮ್ಮ ಮನೆಯವಳು."

ಮದುವೆಯಾಗಿ ಬಂದಂದಿನಿಂದ ಆ ಮಾತನ್ನು ಅತ್ತೆ ಒಮ್ಮೆಯೂ ಆಡಿರಲಿಲ್ಲ. ನಾಗಶ್ರೀ ಅತ್ತೆಯ ಬಲಗಣ್ಣಿನ ಕಡೆ ನೋಡಿದಳು. ಅದು ತನ್ನ ಭುಜದಾಚೆ ಎಲ್ಲೋ ನೆಟ್ಟಿತ್ತು. ದೀಪಾವಳಿಗೆ ಇನ್ನೂ ಬಹಳ ದಿನಗಳಿದ್ದವು.

"ಹೌದು ಅತ್ತೆ, ಮನೆಯವಳೇ" ಎಂದಳು. "ಕಾಲು ಮುಂದಿಡಿ. ಮೆಟ್ಟಿಲಿದೆ."