ಬೀಗವಿಲ್ಲದ ಬೀರು

ಸಿನಿಮಾ ನಿರ್ದೇಶಕನಾದ ತಮ್ಮ ಕೇಳಿದ್ದು ಮರದ ಬೀರುವನ್ನು ಮಾತ್ರ. ಅದರ ಜೊತೆಗೆ ಅಕ್ಕನೂ ಟೆಂಪೋ ಹತ್ತಿ ಬರುತ್ತಾಳೆಂದು ಅವನು ಎಣಿಸಿರಲಿಲ್ಲ. ಅಪ್ಪ ಮಾಡಿಸಿದ ಬೀರು, ಇಳಿಸುವಾಗ ಕಾಲು ಮುರಿದರೆ ಯಾರು ಹೊಣೆ ಎಂದು ಅವಳು ಡ್ರೈವರನ ಪಕ್ಕದಲ್ಲೇ ಕೂತು ಸ್ಟುಡಿಯೋ ತಲುಪಿದಳು.

ಚಿತ್ರೀಕರಣ ಮುಗಿದು, ಸದ್ದು ಸೇರಿಸುವ ಕೆಲಸ ಉಳಿದಿತ್ತು. ಎಷ್ಟು ಬಾಗಿಲು ಬಡಿದರೂ ತಮ್ಮನಿಗೆ ಬೇಕಾದ ಸದ್ದು ಬಂದಿರಲಿಲ್ಲ. ಕಥೆ ಏನೆಂದು ಅಕ್ಕ ಕೇಳಿದಾಗಲೆಲ್ಲ ಮನೆಮಂದಿಯ ಕಥೆ ಎಂದು ಜಾರಿಕೊಂಡಿದ್ದ. ಊರಿಗೆಲ್ಲ ತೆರೆಯ ಮೇಲೆ ದೆವ್ವ ತೋರಿಸಿ ಹೆಸರಾದವನು ಅಕ್ಕನೆದುರು ಬಾಲ ಮುದುರುತ್ತಿದ್ದ.

ಸೌಂಡ್ ಎಂಜಿನಿಯರ್ ಪಾಪ, ಒಳ್ಳೆಯವನು. ತನ್ನ ಕುರ್ಚಿಯ ದಿಂಬನ್ನೇ ತೆಗೆದು ಅಕ್ಕನಿಗೆ ಕೊಟ್ಟ; ಬೇಜಾರಾಗದಿರಲಿ ಎಂದು ಸದ್ದು ಸೇರಿಸಬೇಕಿದ್ದ ದೃಶ್ಯವನ್ನೂ ಹಾಕಿಬಿಟ್ಟ. ತೆರೆಯ ಮೇಲೆ ಕೂದಲು ಕೆದರಿದ ಅಕ್ಕನೊಬ್ಬಳು ನಾಲ್ಕು ವರ್ಷದ ತಮ್ಮನನ್ನು ಬೀರುವಿನೊಳಗೆ ತಳ್ಳಿ, ಬೀಗ ಜಡಿದು, ಬಾಗಿಲು ಬಡಿಯುತ್ತ ನಗುತ್ತಿದ್ದಳು.

ತಮ್ಮ ನೆಲ ನೋಡಿದ. ಇದ್ದವಳು ಒಬ್ಬಳೇ ಅಕ್ಕ. ಈಗ ಎದ್ದು ಹೋದರೆ ಮತ್ತೆ ಅವಳ ಮನೆಯ ಮೆಟ್ಟಿಲು ಹತ್ತುವ ಮುಖ ತನಗಿರುವುದಿಲ್ಲ.

"ಅವಳಿಗೆ ತಲೆ ಬಾಚೋರು ಯಾರೂ ಇರ್ಲಿಲ್ವೇನೋ?" ಎಂದಳು ಅಕ್ಕ.

"ನಂಗೆ ನೆನಪಿರೋದು ಇಷ್ಟೇ ಅಕ್ಕ. ಕತ್ತಲೆ, ಹೊರಗಡೆ ನೀನು ಬಡಿಯೋದು."

ಅಕ್ಕ ಎದ್ದು ಬೀರುವಿನ ಬಳಿ ಹೋದಳು. ಅದರ ಬಾಗಿಲು ಆಗಲೇ ಮೂರು ಸಲ ತಾನಾಗಿ ತೆರೆದುಕೊಂಡಿತ್ತು.

"ಬೀಗ ಎಲ್ಲಿದೆ, ತೋರ್ಸು."

ತಮ್ಮ ಮೇಲಿಂದ ಕೆಳಗೆ ತಡಕಿದ. ಚಿಲಕ ಕೂಡ ಇರಲಿಲ್ಲ.

"ಗುಡುಗಿದ್ರೆ ಸಾಕು, ನೀನೇ ಓಡಿ ಒಳಗೆ ಕೂರ್ತಿದ್ದೆ. ಬಾಗಿಲು ನಿಲ್ಲಲ್ಲ ಅಂತ ನಾನು ಬೆನ್ನು ಕೊಟ್ಟು ಕೂರ್ತಿದ್ದೆ. ತಟ್ಟೋದು ನಿಲ್ಸಿದ್ರೆ, ಅಕ್ಕ ಹೋದ್ಲು ಅಂತ ನೀನು ಬೀದಿಗೆಲ್ಲ ಕೇಳೋ ಹಾಗೆ ಅಳ್ತಿದ್ದೆ. ಎಷ್ಟು ಸಲ ಊಟದ ತಟ್ಟೆ ಅಲ್ಲಿಗೇ ತರಿಸ್ಕೊಂಡು ಉಂಡಿದೀನಿ ಗೊತ್ತಾ?"

ತಮ್ಮ ಮಂಡಿ ಮಡಚಿ ಬೀರುವಿನೊಳಗೆ ನುಸುಳಿದ. ಹೊಟ್ಟೆ ಆಗಿನಂತಿರಲಿಲ್ಲವಲ್ಲ, ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಒತ್ತಬೇಕಾಯಿತು. ಆಮೇಲೆ ಕೈ ಹಿಂದೆ ಮಾಡಿ ತಟ್ಟತೊಡಗಿದಳು, ಮಗುವನ್ನು ಮಲಗಿಸುವಷ್ಟು ನಿಧಾನವಾಗಿ.

ಎಂಜಿನಿಯರ್ ಹೆಡ್‌ಫೋನ್ ಸರಿಸಿ, ಸಂಕೋಚದಿಂದ, "ಸರ್, ಇದ್ರಲ್ಲಿ ಭಯಾನೇ ಇಲ್ಲ. ನಿದ್ದೆ ಬರುತ್ತೆ" ಎಂದ.

ಅಕ್ಕ ಕೈ ತಡೆದಳು.

"ನಿಲ್ಲಿಸ್ಬೇಡ ಅಕ್ಕ," ಎಂದಿತು ಬೀರು.