ಬಟ್ಟೆಗಂಟಿನೊಳಗಿನ ಸೂಜಿ

ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ. ವಾರ್ಡುಗಳ ಹಾಸು, ಹೊದಿಕೆ, ದಿಂಬಿನ ಚೀಲಗಳೆಲ್ಲ ದೊಡ್ಡ ಗಂಟುಗಳಾಗಿ ಅಲ್ಲಿಗೆ ಬರುತ್ತಿದ್ದವು. ಒದ್ದೆ ಬಟ್ಟೆಯ ಗಂಟೆಂದರೆ ಕಗ್ಗಂಟು. ರಬ್ಬರ್ ಗ್ಲೌಸ್ ತೊಟ್ಟ ಬೆರಳಿಗೆ ಬಗ್ಗುವುದಿಲ್ಲ. ಅದಕ್ಕೇ ಅಲ್ಲಿನ ಹೆಂಗಸರು ಬಲಗೈ ಗ್ಲೌಸ್ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯಲ್ಲೇ ಬಿಡಿಸುತ್ತಿದ್ದರು. ಎಲ್ಲರಿಗಿಂತ ಬೇಗ ಬಿಡಿಸುವವಳಿಗೆ ಗಂಟಕ್ಕ ಎಂದೇ ಹೆಸರು ಬಿದ್ದಿತ್ತು.

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಂಟಕ್ಕನ ತೋರುಬೆರಳು ಚುರುಕ್ಕೆಂದಿತು. ಹಾಸಿನ ಮಡಿಕೆಯಲ್ಲಿ ಯಾರೋ ಮರೆತ ಇಂಜೆಕ್ಷನ್ ಸೂಜಿ! ಮುಚ್ಚಳವಿಲ್ಲ, ತುದಿಯಲ್ಲಿ ರಕ್ತದ ಗುರುತು. ಅವಳು ಬೆರಳು ಹಿಂಡಿದಳು. ಬಾಯಲ್ಲಿಟ್ಟು ಚೀಪಿದಳು. ಎಂಥ ಕಲೆಯನ್ನೂ ತೆಗೆಯುವ ಬ್ಲೀಚಿಂಗ್ ನೀರು ಪಕ್ಕದಲ್ಲೇ ಇತ್ತಲ್ಲ, ಅದರಲ್ಲೂ ಅದ್ದಿದಳು. ಚೆನ್ನಾಗಿ ಉರಿಯಿತು. ಇಷ್ಟು ಉರಿದರೆ ಒಳಗೇನಿದ್ದರೂ ಸತ್ತಿರುತ್ತದೆ ಎಂದುಕೊಂಡು, ಸೂಜಿಯನ್ನು ಅದಕ್ಕೆಂದೇ ಇಟ್ಟ ಡಬ್ಬಿಗೆ ಹಾಕಿ, ಯಾರಿಗೂ ಹೇಳದೆ ಕೆಲಸಕ್ಕೆ ಬಗ್ಗಿದಳು.

ಮರುದಿನ ನಾಲ್ಕರ ಟೀ ಹೊತ್ತಿಗೆ ಬೆರಳು ಸುಲಿದು ಕೆಂಪಾಗಿತ್ತು. ಅದೇ ಕೋಣೆಯಲ್ಲಿ ಇಸ್ತ್ರಿ ಮಾಡುವ ಇಸ್ತ್ರಿಯಣ್ಣ ಟೀ ಲೋಟ ಕೊಡುವಾಗ ಅದನ್ನು ಕಂಡ.

"ಬೆರಳಿಗೇನಾಯ್ತಮ್ಮ?"

"ಏನಿಲ್ಲಣ್ಣ, ನಿನ್ನೆ ಇಂಜೆಕ್ಷನ್ ಸೂಜಿ ತಗಲ್ತು. ಬ್ಲೀಚಿಂಗ್ ನೀರಲ್ಲಿ ತೊಳೆದೆ."

"ಬೆರಳೇನು ದಿಂಬಿನ ಚೀಲನಾ? ಸೋಪು ಹಾಕಿ ನಲ್ಲಿ ನೀರಲ್ಲಿ ತೊಳೆದಿದ್ರೆ ಸಾಕಿತ್ತು. ಹಿಂಡಬಾರದು, ಚೀಪಬಾರದು. ಡಾಕ್ಟರ ಹತ್ರ ಹೋದ್ಯಾ?"

"ಇಷ್ಟಕ್ಕೆಲ್ಲ ಡಾಕ್ಟರಾ?"

"ಆ ಸೂಜಿ ಯಾರ ಮೈಗೆ ಹೋಗಿ ಬಂದಿತ್ತೋ ಯಾರಿಗೆ ಗೊತ್ತು? ಎಚ್‌ಐವಿ ತಗಲದ ಹಾಗೆ ತಡೆಯೋಕೆ ಮಾತ್ರೆ ಇದೆ. ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು. ಎಪ್ಪತ್ತೆರಡು ಗಂಟೆ ದಾಟಿದ ಮೇಲೆ ಪ್ರಯೋಜನ ಇಲ್ಲ. ನಿಂದು ಆಗಲೇ ಮೂವತ್ತು ಗಂಟೆ ಹೋಯ್ತು."

ಗಂಟಕ್ಕನ ಮುಖ ಬಿಳಿಚಿಕೊಂಡಿತು. "ಬಿಡ್ತು ಅನ್ನಣ್ಣ! ಆ ಎಚ್‌ಐವಿ ಪರೀಕ್ಷೆ ಕೋಣೆ ಮುಂದೆ ನನ್ನ ಯಾರಾದ್ರೂ ನೋಡಿದ್ರೆ? ಮನೆಯೋರನ್ನ ಕೇಳಿ ನಾಳೆನೋ ನಾಡಿದ್ದೋ ನೋಡ್ತೀನಿ."

ಇಸ್ತ್ರಿಯಣ್ಣ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ನಂಗೆ ಎಚ್‌ಐವಿ ಇದೆ ಕಣಮ್ಮ. ಹನ್ನೊಂದು ವರ್ಷ ಆಯ್ತು. ಮೂರು ದಿನದೊಳಗೆ ಆಸ್ಪತ್ರೆಗೆ ಹೋಗು ಅಂತ ನಂಗೆ ಯಾರೂ ಹೇಳಲಿಲ್ಲ. ನಾಚಿಕೆಯಿಂದ ನಾನೂ ಯಾರನ್ನೂ ಕೇಳಲಿಲ್ಲ. ದಿನಾ ಮಾತ್ರೆ ತಗೋತೀನಿ, ಗಟ್ಟಿಯಾಗಿದ್ದೀನಿ, ಆ ಮಾತು ಬೇರೆ. ನಿಂಗಿನ್ನೂ ಹೊತ್ತಿದೆ. ಎದ್ದು ಹೋಗು."

ಗಂಟಕ್ಕ ಕೈಯಲ್ಲಿದ್ದ ಲೋಟ ನೋಡಿದಳು. "ಇಷ್ಟು ವರ್ಷ ಒಟ್ಟಿಗೆ ಟೀ ಕುಡಿದಿದ್ದೀವಲ್ಲಣ್ಣ..."

"ಟೀಲಿ ಬರೋದಾಗಿದ್ರೆ ಈ ಕೋಣೇಲಿ ಎಲ್ರಿಗೂ ಬಂದಿರಬೇಕಿತ್ತು. ನಾನು ಮಾಡೋ ಟೀಲಿ ಬರೋದು ಎದೆಯುರಿ ಒಂದೇ."

ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು. ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

ಪರೀಕ್ಷೆ ಕೋಣೆಯಲ್ಲಿ ಆಪ್ತಸಮಾಲೋಚಕಿ ಬಾಗಿಲು ಮುಂದೆ ಮಾಡಿ, ಕೂರಿಸಿ ಮಾತಾಡಿದರು. ಇಲ್ಲಿನ ಮಾತು ಹೊರಗೆ ಹೋಗುವುದಿಲ್ಲ ಎಂದರು. "ಇಂಥ ಸೂಜಿಯಿಂದ ಎಚ್‌ಐವಿ ಬರೋದು ಅಪರೂಪ. ಆದ್ರೆ ಆ ಅಪರೂಪ ನೀವೇ ಯಾಕಾಗಬೇಕು?" ರಕ್ತ ತೆಗೆದರು. ಡಾಕ್ಟರು ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು. ಇಪ್ಪತ್ತೆಂಟು ದಿನ, ಒಂದು ದಿನವೂ ತಪ್ಪಬಾರದು. ಆರು ವಾರದ ಮೇಲೊಮ್ಮೆ, ಮೂರು ತಿಂಗಳ ಮೇಲೊಮ್ಮೆ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಗಂಡಹೆಂಡಿರು ಕಾಂಡೋಮ್ ಬಳಸಬೇಕು.

ಮನೆಯಲ್ಲಿ ಗಂಡ ಹೊಲಿಗೆ ಮೆಷಿನ್ನಿನ ಮುಂದಿದ್ದ. ಅವಳು ಹೇಳಿದ್ದನ್ನು ಕೇಳಿ ಸಿಡುಕಿದ.

"ಸೂಜಿ ಚುಚ್ಚಿದ್ದಕ್ಕೆ ತಿಂಗಳೆಲ್ಲ ಮಾತ್ರೆನಾ? ನಂಗೆ ದಿನಾ ಚುಚ್ಚತ್ತೆ!"

"ನಿಮ್ಮ ಸೂಜಿ ಬಟ್ಟೆಗೆ ಹೋಗಿ ಬರತ್ತೆ ರೀ. ಇದು ಇನ್ನೊಬ್ಬರ ರಕ್ತಕ್ಕೆ ಹೋಗಿ ಬಂದದ್ದು."

ಅವನು ಪೆಡಲಿನಿಂದ ಕಾಲು ತೆಗೆದ. "ಆದ್ರೂ, ಜನ ಏನಂತಾರೋ..."

"ಜನ ಬಂದು ನನ್ನ ಬದಲು ಮಾತ್ರೆ ನುಂಗ್ತಾರಾ?"

"ಇದನ್ನೆಲ್ಲ ನಿಂಗೆ ಹೇಳಿದ್ದು ಯಾರು?"

"ತಿಳಿದವರು."

ಐದನೇ ದಿನ ಹೊಟ್ಟೆ ತೊಳಸಿ ವಾಂತಿಯಾಯಿತು. "ಸಾಕಪ್ಪ, ಬಿಟ್ಟುಬಿಡ್ತೀನಿ" ಎಂದು ಈ ಸಲ ಅವಳೇ ಕೈಚೆಲ್ಲಿದಳು. ಚಪ್ಪಲಿ ಮೆಟ್ಟಿದ್ದು ಗಂಡ. "ಏಳು, ಡಾಕ್ಟರನ್ನ ಕೇಳೋಣ. ಅರ್ಧ ಹೊಲಿದ ಅಂಗಿ ಯಾರ ಮೈಗೂ ಆಗಲ್ಲ." ವಾಂತಿ ನಿಲ್ಲಲು ಬೇರೆ ಮಾತ್ರೆ ಸಿಕ್ಕಿತು. ಗಂಡನೂ ಆಪ್ತಸಮಾಲೋಚಕಿಯ ಎದುರು ಕೂತು ಮನಸ್ಸಿನಲ್ಲಿದ್ದ ಅಳುಕನ್ನೆಲ್ಲ ಕೇಳಿಕೊಂಡ; ತಾನೂ ಪರೀಕ್ಷೆ ಮಾಡಿಸಿಕೊಂಡ. ಇಪ್ಪತ್ತೆಂಟು ದಿನ ತುಂಬಿತು. ಗಂಟಿನಲ್ಲಿ ಸೂಜಿ ಬಂತೆಂದು ಅವಳು ಕೊಟ್ಟ ದೂರು ಮೇಲಿನವರಿಗೆ ಮುಟ್ಟಿ, ವಾರ್ಡುಗಳಲ್ಲಿ ಗಂಟು ಕಟ್ಟುವುದು ನಿಂತು, ಬಟ್ಟೆ ಚೀಲಗಳಲ್ಲಿ ಬರತೊಡಗಿತು.

ಮೂರು ತಿಂಗಳ ಪರೀಕ್ಷೆಯ ದಿನ ಇಬ್ಬರೂ ಬೆಂಚಿನ ಮೇಲೆ ಕಾದರು. ಗಂಟಕ್ಕ ಕಣ್ಣುಮುಚ್ಚಿ ದೇವರನ್ನು ನೆನೆಯುತ್ತಿದ್ದಳು. ಒಳಗೆ ಕರೆದು ಬಾಗಿಲು ಮುಂದೆ ಮಾಡಿ "ಸೋಂಕಿಲ್ಲ" ಎಂದು ಆಪ್ತಸಮಾಲೋಚಕಿ ಅಂದಾಗ ಗಂಡ ಅಲ್ಲೇ ಗೋಡೆಗೊರಗಿ ಉಸಿರುಬಿಟ್ಟ.

ದಾರಿಯಲ್ಲಿ ಕೇಳಿದ: "ಆ ತಿಳಿದವರು ಯಾರೇ? ಹೋಗಿ ಕೈ ಮುಗಿದು ಬರ್ತೀನಿ."

"ಅದು ಅವರ ಮಾತು ರೀ, ನಾನು ಹೇಳೋ ಹಾಗಿಲ್ಲ. ಬೇಗ ಹೋಗಿ ಮಾತ್ರೆ ತಗೋ ಅಂತ ಅವರು ನಂಗೆ ಹೇಳಿದ್ದನ್ನ ನೀವು ಇನ್ನೊಬ್ಬರಿಗೆ ಹೇಳಿ, ಸಾಕು."

ಓದುತ್ತಿರುವ, ಕೇಳುತ್ತಿರುವ ಅಕ್ಕ ಅಣ್ಣಂದಿರೇ, ನಾವೂ ನಿಮಗೆ ಅದನ್ನೇ ಹೇಳುತ್ತಿದ್ದೇವೆ. ಬೇರೆಯವರಿಗೆ ಚುಚ್ಚಿದ ಸೂಜಿ ನಿಮಗೆ ತಗಲಿರಬಹುದು. ಕಾಂಡೋಮ್ ಹರಿದಿರಬಹುದು, ಬಳಸದೇ ಇದ್ದಿರಬಹುದು. ಯಾರೋ ನಿಮ್ಮ ಮೇಲೆ ಬಲವಂತ ಮಾಡಿರಬಹುದು. ತಪ್ಪು ಯಾರದೆಂದು ಯೋಚಿಸುತ್ತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ನಡೆದದ್ದನ್ನು ಹೇಳಿ, ಎಚ್‌ಐವಿ ತಡೆಯುವ ಮಾತ್ರೆ ಕೇಳಿ. ಮೂರು ದಿನ ಮೀರಿದ್ದರೂ ಪರೀಕ್ಷೆ ಬಿಡಬೇಡಿ. ಸೋಂಕು ಇದೆಯೆಂದು ತಿಳಿದರೆ ಔಷಧಿಯಿದೆ, ಮುಂದೆ ನೆಮ್ಮದಿಯ ಬಾಳೂ ಇದೆ.

ನಾಚಿಕೊಳ್ಳಲು ಆಮೇಲೆ ಬೇಕಾದಷ್ಟು ಸಮಯವಿದೆ. ಮಾತ್ರೆಗೆ ಇರುವುದು ಮೂರೇ ದಿನ.