ಬೆರಳ ಮೇಲಿನ ಮೇಣ

"ದಾರ ನೆಟ್ಟಗಿಡೇ, ಮುಂಡೆ!"

"ಇನ್ನೂ ಮುಂಡೆ ಆಗಿಲ್ಲ ಮೇಸ್ತ್ರಿ. ನಾಳೆ ಬೈಯಿ, ಸರಿಹೋಗುತ್ತೆ."

ಮೇಸ್ತ್ರಿ ಬಾಯಿ ಬಿಟ್ಟರೆ ಕಡಾಯಿಯಲ್ಲಿ ಕರಗಿದ ಮೇಣವೂ ಹೆದರಿ ಹೆಪ್ಪುಗಟ್ಟುತ್ತಿತ್ತು. ಎದುರುತ್ತರ ಕೊಟ್ಟ ಮೇಣಕ್ಕ ಮಾತ್ರ ಹೆಪ್ಪುಗಟ್ಟುವ ಪೈಕಿಯಲ್ಲ. ದಾರಗಳನ್ನು ಸಾಲಾಗಿ ಇಳಿಬಿಟ್ಟ ಕೋಲನ್ನು ಕಡಾಯಿಗೆ ಅದ್ದುವುದು, ಎತ್ತುವುದು, ಆರಿದ ಮೇಲೆ ಮತ್ತೆ ಅದ್ದುವುದು: ಹಲ್ಲು ಹುಟ್ಟಿದಾಗಿನಿಂದ ಅವಳಿಗೆ ಅದೇ ಕೆಲಸ. ಅವಳು ಮಾಡಿದ ಮೇಣದಬತ್ತಿಗಳನ್ನು ಒಂದರ ಮೇಲೊಂದು ನಿಲ್ಲಿಸಿದ್ದರೆ ದೇವದೂತರು ರೆಕ್ಕೆ ಮಡಚಿಟ್ಟು ಆರಾಮಾಗಿ ಇಳಿದು ಬರಬಹುದಿತ್ತು. ಕಡಾಯಿಯಾದರೂ ಎಂಥದ್ದು! ಅದರಲ್ಲಿ ಆನೆ ಬಿದ್ದಿದ್ದರೆ ಕಾರ್ಖಾನೆಯ ಧಣಿ ಅದರ ಬಾಲಕ್ಕೆ ಬೆಂಕಿ ಹಚ್ಚಿ, ದೊಡ್ಡ ಸೈಜಿನ ಬತ್ತಿ ಅಂತ ಮಾರುತ್ತಿದ್ದ.

ಊರಿನ ಕ್ರಿಸ್‌ಮಸ್ಸಿಗೆಲ್ಲ ಬೆಳಕು ಹೋಗುವುದು ಇಲ್ಲಿಂದಲೇ. ಕಾರ್ಖಾನೆಯ ಹಿಂದಿನ ಕೂಲಿಲೈನಿನ ಮನೆಗಳಿಗೆ ಮಾತ್ರ, ಹಬ್ಬಕ್ಕೆ ರಜೆ ಕೇಳಿದ ತಪ್ಪಿಗೆ, ಧಣಿ ಕರೆಂಟು ಕೀಳಿಸಿದ್ದ. ಅಲ್ಲಿನ ಕತ್ತಲೆಯಲ್ಲಿ ಬೆಕ್ಕುಗಳೂ ಗೋಡೆ ಸವರಿಕೊಂಡು ನಡೆಯುತ್ತಿದ್ದವು. ಆ ಕತ್ತಲೆಯೊಳಗೆ ಅವಳ ಗಂಡ ಮಲಗಿದ್ದ. ಜೀವಮಾನವೆಲ್ಲ ಮೇಣದ ಹೊಗೆ ಕುಡಿದ ಎದೆ. ಅವನು ಕೆಮ್ಮಿದರೆ ಪಕ್ಕದ ಮನೆಯ ಪಾತ್ರೆಗಳು ಉರುಳುತ್ತಿದ್ದವು. ಇವತ್ತು ಬೆಳಿಗ್ಗೆ ಕೆಮ್ಮುವುದಕ್ಕೂ ಶಕ್ತಿ ಇರಲಿಲ್ಲ.

"ಲೇ, ಒಂದು ದೀಪ ತಾರೇ," ಅಂದಿದ್ದ. "ಯೇಸಪ್ಪ ಹುಟ್ಟೋ ಹೊತ್ತಿಗೆ ಮನೇಲಿ ಬೆಳಕಿದ್ರೆ ನೆಮ್ಮದಿಯಾಗಿ ಹೋಗ್ತೀನಿ. ಕತ್ತಲಲ್ಲಿ ಹೋದ್ರೆ ಆ ಕಡೆ ನನ್ ಗುರುತು ಹಿಡಿಯೋರ್ಯಾರು?"

"ಬೆಳಕಲ್ಲಿ ನಿನ್ ಮೂತಿ ಕಂಡ್ರೆ ಬಾಗಿಲೇ ಹಾಕ್ಕೋತಾರೆ."

ಅವನು ನಕ್ಕಿರಲಿಲ್ಲ.

ಕೊಳ್ಳೋಣವೆಂದರೆ ಕೂಲಿ ಸಿಗುವುದು ಹಬ್ಬ ಕಳೆದ ಮೇಲೆ. ಒಂದು ಮುರುಕು ಬತ್ತಿ ಕೇಳಿದ್ದಕ್ಕೆ ಮೇಸ್ತ್ರಿ, "ಮುರುಕು ಕರಗಿಸಿದ್ರೆ ಮೇಣ. ನಿನ್ ಗಂಡನ್ನ ಕರಗಿಸಿದ್ರೆ ಏನು ಬರುತ್ತೆ?" ಅಂದಿದ್ದ. ಕದಿಯೋಣವೆಂದರೆ ಗೇಟಿನಲ್ಲಿ ಹೆಂಗಸರ ಜಡೆಯನ್ನೂ ಬಿಚ್ಚಿಸಿ ನೋಡುತ್ತಿದ್ದರು. ಕೈಗಳನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಮೇಣ ಮೆತ್ತದ ಕೈ ಅಲ್ಲಿ ಯಾರಿಗಿತ್ತು?

ಮೇಸ್ತ್ರಿ ಬೆನ್ನು ತಿರುಗಿಸಿದ. ಮೇಣಕ್ಕ ತೋರುಬೆರಳಿನುದ್ದಕ್ಕೂ ಒಂದು ದಾರ ಒತ್ತಿಟ್ಟು ಕಡಾಯಿಗೆ ಅದ್ದಿದಳು. ಜೀವ ನೆತ್ತಿಗೇರಿತು. ಎತ್ತಿ, ಊದಿ, ಮತ್ತೆ ಅದ್ದಿದಳು. ಬೆರಳು ಒನಕೆಯಾಗುವ ತನಕ ಅದ್ದಿದಳು.

ಸಂಜೆ ಗೇಟಿನಲ್ಲಿ ಕಾವಲುಗಾರ ತಗಡಿನ ಡಬ್ಬದಲ್ಲಿ ಬೆಂಕಿ ಹಾಕಿಕೊಂಡು ಮೈ ಕಾಯಿಸಿಕೊಳ್ಳುತ್ತಿದ್ದ. ಚರ್ಚಿಗೆ ಮೇಣದಬತ್ತಿ ಒಯ್ಯಲು ಪಾದ್ರಿ ಕಾರು ತಂದಿದ್ದರು. ಪಕ್ಕದಲ್ಲೇ ಧಣಿ ನಿಂತಿದ್ದ. ಕಾವಲುಗಾರ ಮೇಣಕ್ಕನ ಜಡೆ ತಡಕಿದ, ಸೊಂಟ ತಡಕಿದ, "ನಡಿ," ಅಂದ.

"ತಡಿ," ಹಿಂದಿನಿಂದ ಬಂದ ಮೇಸ್ತ್ರಿ ಅವಳ ಮಣಿಕಟ್ಟು ಹಿಡಿದ. "ಬೆರಳಿಗೆ ಅದೇನೇ ಬಾಲ?"

ಬೆರಳ ತುದಿಯಲ್ಲಿ ದಾರ ಇಣುಕುತ್ತಿತ್ತು. ಅದ್ದುವವರ ಕೈಯೇ ಹಾಗೆ. ಹಚ್ಚುವುದಕ್ಕೆ ಒಂಚೂರು ದಾರ ಬಿಡದೆ ಅದಕ್ಕೆ ಕೆಲಸ ಮುಗಿಸಲು ಬಾರದು. ಕಳ್ಳತನದಲ್ಲೂ ಬಿಟ್ಟಿತ್ತು.

ಮೇಸ್ತ್ರಿ ಎಳೆದ. ಮೇಣದ ಜೊತೆ ಚರ್ಮ ಎದ್ದಿತು.

"ಚಾಕು ತಗೊಂಡು ಕೆರೀರೋ," ಅಂದ ಧಣಿ. "ಬೆರಳು ಅವಳದ್ದು, ಮೇಣ ನಂದು."

ಪಾದ್ರಿ ನಿಟ್ಟುಸಿರು ಬಿಟ್ಟರು. "ಕದ್ದ ಬೆಳಕಿಗೆ ಕ್ರಿಸ್ತ ಬರಲ್ಲಮ್ಮ."

"ಅವನ ತಾಯಿ ಯಾವ ಧಣೀನ ಕೇಳಿ ಹೆತ್ತಳು, ಫಾದರ್? ಹೆತ್ತ ಕೊಟ್ಟಿಗೆ ಅವಳಪ್ಪನದಾ?" ಅವಳು ಇನ್ನೊಂದು ಕೈಯಿಂದ ಪಾದ್ರಿಯ ನಿಲುವಂಗಿ ಹಿಡಿದಳು. "ನನ್ ಗಂಡ ಹೋಗ್ತಾ ಇದಾನೆ. ಒಂದು ಗಳಿಗೆ ಬಂದು ಪ್ರಾರ್ಥನೆ ಮಾಡಿ. ಬೆರಳನ್ನೇ ಕುಯ್ದು ಕೊಡ್ತೀನಿ."

ಪಾದ್ರಿ ಗಡಿಯಾರ ನೋಡಿಕೊಂಡರು. "ಆರಾಧನೆಗೆ ಹೊತ್ತಾಯ್ತು. ನಾಳೆ ನೋಡೋಣ."

ಮೇಸ್ತ್ರಿ ಚಾಕು ಬಿಚ್ಚಿದ. ಮೇಣಕ್ಕ ಕೈ ಕಿತ್ತುಕೊಂಡು, ಬೆರಳನ್ನು ಕಾವಲುಗಾರನ ಬೆಂಕಿಗೆ ಹಿಡಿದಳು. ದಾರ ಹೊತ್ತಿಕೊಂಡಿತು.

"ಬಾರೋ ಸೂಳೆಮಗನೆ! ಈಗ ಕೆರಿ!"

ಮೇಣವನ್ನೇ ಹೆದರಿಸುತ್ತಿದ್ದ ಮೇಸ್ತ್ರಿ ಚಾಕು ಕೆಳಗೆ ಬಿಟ್ಟ. ಧಣಿ ಕಾರಿನ ಹಿಂದೆ ಸರಿದ. ಉರಿಯುವ ಕೈಯನ್ನು ಮುಟ್ಟುವ ಗಂಡಸು ಆ ಗೇಟಿನಲ್ಲಿರಲಿ, ಭೂಮಂಡಲದಲ್ಲೇ ಇರಲಿಲ್ಲ.

ಅವಳು ನಡೆದಳು. ಓಡಿದರೆ ಆರುತ್ತಿತ್ತು. ಮೇಣ ಮಣಿಕಟ್ಟು ದಾಟಿ ಮೊಣಕೈಗೆ ಹರಿಯಿತು. ಕೂಲಿಲೈನಿನ ಕತ್ತಲೆಯೊಳಗೆ ಬಾಗಿಲುಗಳು ಒಂದೊಂದಾಗಿ ತೆರೆದವು; ಯಾರೋ ನೀರು ತರಲು ಓಡಿದರೆ ಕಣ್ಣಲ್ಲೇ ಗದರಿಸಿದಳು. ಅವಳ ಮನೆ ಸಾಲಿನ ತುದಿಯಲ್ಲಿತ್ತು. ಬೆರಳಿನ ಮೇಲ್ಗೆಣ್ಣಿನ ತನಕ ಮೇಣ ಕರಗಿ ಮುಗಿದಿತ್ತು; ಈಗ ಉರಿಯುತ್ತಿದ್ದದ್ದು ಬೆರಳೇ.

"ಕಣ್ಣು ಮುಚ್ಚಬೇಡ ಕಣಯ್ಯ!" ಅಂತ ಕೂಗುತ್ತ, ಗಾಳಿಗೆ ಇನ್ನೊಂದು ಅಂಗೈ ಅಡ್ಡ ಹಿಡಿದು ನಡೆದಳು. "ತರ್ತಾ ಇದೀನಿ!"

ಒಳಗಿನಿಂದ ಉತ್ತರ ಬರಲಿಲ್ಲ. ಬೆರಳ ತುದಿಯಲ್ಲಿ ಬೆಳಕು ಇನ್ನೂ ಇತ್ತು.